ಡಾಕ್ಟರ ಎದುರಿನ ಮೂರು ನಿಮಿಷ

ಕೇಳುಗರಿಗೆ ನಮಸ್ಕಾರ.

ಮಗುವಿಗೆ ಬೇಧಿ ಹತ್ತಿದೆ, ಅಪ್ಪನಿಗೆ ಎದೆ ಹಿಡಿದಂತಾಗಿದೆ, ಅಜ್ಜಿಯ ಕೆಮ್ಮು ಮೂರು ವಾರವಾದರೂ ನಿಂತಿಲ್ಲ. ಇಂಥ ಹೊತ್ತಿನಲ್ಲಿ ನಾವು ಮೊದಲು ಹೋಗುವುದು ದೊಡ್ಡಾಸ್ಪತ್ರೆಗಲ್ಲ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಪೇಟೆಬೀದಿಯ ಕ್ಲಿನಿಕ್ಕಿಗೋ ಹೋಗುತ್ತೇವೆ, ಎಷ್ಟೋ ಸಲ ಸೀದಾ ಮೆಡಿಕಲ್ ಶಾಪಿಗೇ ಹೋಗಿ ನಿಲ್ಲುತ್ತೇವೆ. ಅಲ್ಲಿ ಸಿಗುವ ಚಿಕಿತ್ಸೆ ಸರಿಯಾಗಿದೆಯೋ ಇಲ್ಲವೋ ಅಂತ ಅಳೆಯುವುದು ಹೇಗೆ? ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ನಮ್ಮ ದೇಶದಲ್ಲೇ ನಡೆದಿರುವ ಸಂಶೋಧನೆ ಇದಕ್ಕೆ ಒಳ್ಳೆಯ ದಾರಿ ತೋರಿಸಿದೆ. ಇವತ್ತು ಆ ವಿಚಾರ ಮಾತಾಡೋಣ.

ತಪಾಸಣೆಗೆ ಬಂದವರು ಸಾಮಾನ್ಯವಾಗಿ ಏನು ನೋಡುತ್ತಾರೆ? ಕಟ್ಟಡ ಸೋರುತ್ತಿದೆಯೇ, ಹುದ್ದೆಗಳು ತುಂಬಿವೆಯೇ, ಔಷಧದ ದಾಸ್ತಾನು ಪುಸ್ತಕ ಸರಿಯಿದೆಯೇ, ಲಸಿಕೆಯ ಫ್ರಿಜ್ಜಿನ ತಾಪಮಾನ ಬರೆದಿಟ್ಟಿದ್ದಾರೆಯೇ ಎಂದು. ಇವೆಲ್ಲ ಬೇಕಾದ್ದೇ. ಆದರೆ ಅಡುಗೆಮನೆಯಲ್ಲಿ ಅಕ್ಕಿ, ಬೇಳೆ, ಒಲೆ ಎಲ್ಲ ಇದ್ದ ಮಾತ್ರಕ್ಕೆ ಅನ್ನ ಬೆಂದಿದೆ ಎಂದು ಹೇಳಲಾಗದು. ರೋಗಿ ಸ್ಟೂಲಿನ ಮೇಲೆ ಕೂತ ಮೇಲೆ ಡಾಕ್ಟರು ಏನು ಕೇಳಿದರು, ಎಲ್ಲಿ ಮುಟ್ಟಿ ನೋಡಿದರು, ಚೀಟಿಯಲ್ಲಿ ಏನು ಬರೆದರು? ಗುಣಮಟ್ಟ ಇರುವುದು ಅಲ್ಲಿ.

ಅದನ್ನು ತಿಳಿಯಲು ಚೀಟಿಗಳನ್ನು ಎಣಿಸುವುದು ಹಳೆಯ ದಾರಿ. ವಿಶ್ವ ಆರೋಗ್ಯ ಸಂಸ್ಥೆ ಹೇಳಿಕೊಟ್ಟ ಕ್ರಮದಲ್ಲಿ ಕನಿಷ್ಠ 20 ಆರೋಗ್ಯ ಕೇಂದ್ರಗಳನ್ನು ಆರಿಸಿ, ಒಂದೊಂದರಲ್ಲೂ 30 ಚೀಟಿ ನೋಡಬೇಕು. ಸರಾಸರಿ ಎಷ್ಟು ಔಷಧ ಬರೆದಿದ್ದಾರೆ, ನೂರರಲ್ಲಿ ಎಷ್ಟು ಜನಕ್ಕೆ ಆ್ಯಂಟಿಬಯೋಟಿಕ್, ಎಷ್ಟು ಜನಕ್ಕೆ ಇಂಜೆಕ್ಷನ್ ಕೊಟ್ಟಿದ್ದಾರೆ ಎಂದು ಲೆಕ್ಕ ಹಾಕಬೇಕು. ಖರ್ಚು ಕಡಿಮೆ, ಎರಡು ಮೂರು ವಾರದಲ್ಲಿ ಮುಗಿಯುವ ಕೆಲಸ. ಆದರೆ ಕೊರತೆಯೂ ದೊಡ್ಡದು. ಚೀಟಿಯಲ್ಲಿ ಔಷಧದ ಹೆಸರಿರುತ್ತದೆ, ರೋಗಿಗೆ ನಿಜವಾಗಿ ಇದ್ದ ಕಾಯಿಲೆ ಯಾವುದೆಂದು ಇರುವುದಿಲ್ಲ. ನ್ಯುಮೋನಿಯಾ ಬಂದ ಮಗುವಿಗೆ ಬರೆದ ಆ್ಯಂಟಿಬಯೋಟಿಕ್ ಜೀವ ಉಳಿಸುತ್ತದೆ, ಬರೀ ನೆಗಡಿಗೆ ಬರೆದದ್ದು ದಂಡ. ಎಣಿಕೆಯಲ್ಲಿ ಎರಡೂ ಒಂದೇ.

ಹಾಗಾದರೆ ಡಾಕ್ಟರ ಪಕ್ಕದಲ್ಲೇ ಕೂತು ನೋಡಬಹುದಲ್ಲ? ನೋಡಬಹುದು. ಆದರೆ ಯಾರಾದರೂ ನೋಡುತ್ತಿದ್ದಾರೆ ಅಂದರೆ ಯಾರೂ ಎಂದಿಗಿಂತ ಚೆನ್ನಾಗಿಯೇ ಕೆಲಸ ಮಾಡುತ್ತಾರೆ. ಟಾಂಜಾನಿಯಾದ ಅರೂಶಾ ಪ್ರದೇಶದಲ್ಲಿ ಇದನ್ನು ಅಳೆದು ನೋಡಿದಾಗ, ವೀಕ್ಷಕರು ಬಂದು ಕೂತ ಕೂಡಲೇ ಕೆಲಸದ ಮಟ್ಟ ಏರಿತು, ಹತ್ತು ಹದಿನೈದು ರೋಗಿಗಳಾಗುವಷ್ಟರಲ್ಲಿ ಮತ್ತೆ ಎಂದಿನಂತಾಯಿತು. ಅದಕ್ಕೇ ಪಕ್ಕದಲ್ಲಿ ಕೂರುವವರು ಮೊದಲ ರೋಗಿಗಳ ಅಂಕಿಗಳನ್ನು ಎಚ್ಚರಿಕೆಯಿಂದ ಬಳಸಬೇಕು.

ಇನ್ನೊಂದು, ಕಾಗದದ ಮೇಲಿನ ರೋಗಿ. ‘ನಲವತ್ತೈದು ವರ್ಷದ ಗಂಡಸು, ಎದೆನೋವು ಅಂತ ಬಂದಿದ್ದಾರೆ. ಏನು ಕೇಳುತ್ತೀರಿ? ಏನು ಪರೀಕ್ಷೆ ಮಾಡಿಸುತ್ತೀರಿ?’ ಎಂದು ಡಾಕ್ಟರನ್ನೇ ಪ್ರಶ್ನಿಸುವುದು. ಇದರಿಂದ ಅವರಿಗೆ ಎಷ್ಟು ಗೊತ್ತು ಅನ್ನುವುದು ತಿಳಿಯುತ್ತದೆ. ಗೊತ್ತಿದ್ದದ್ದನ್ನು ಮಾಡುತ್ತಾರೆಯೇ ಅನ್ನುವುದು ತಿಳಿಯುವುದಿಲ್ಲ.

ಆ ಎರಡನೆಯದನ್ನು ತಿಳಿಯಲು ಬಂದದ್ದು ಮಾದರಿ ರೋಗಿಯ ವಿಧಾನ, ಅಂದರೆ ರೋಗಿಯಂತೆ ನಟಿಸುವವರನ್ನು ಗುರುತು ಬಿಟ್ಟುಕೊಡದೆ ಡಾಕ್ಟರ ಬಳಿಗೆ ಕಳಿಸುವುದು. ಅರ್ಥಶಾಸ್ತ್ರಜ್ಞ ಜಿಷ್ಣು ದಾಸ್ ಮತ್ತು ಅವರ ಸಂಗಡಿಗರು ಇದನ್ನು ಮಧ್ಯಪ್ರದೇಶದ ಹಳ್ಳಿಗಳಲ್ಲೂ ದೆಹಲಿಯಲ್ಲೂ ಬಳಸಿ 2012ರಲ್ಲಿ ಪ್ರಕಟಿಸಿದರು. ಕ್ರಮ ಹೀಗೆ. ಆ ಕಡೆಯವರನ್ನೇ, ಆ ಕಡೆಯ ಮಾತು ಆಡುವವರನ್ನೇ ಆರಿಸಿ, ಒಬ್ಬೊಬ್ಬರಿಗೆ ಒಂದೊಂದು ಕಾಯಿಲೆಯ ಕಥೆ ಕಲಿಸುತ್ತಾರೆ. ಒಬ್ಬರಿಗೆ ಹೃದಯಾಘಾತದ ಮುನ್ಸೂಚನೆಯ ಎದೆನೋವು, ಇನ್ನೊಬ್ಬರಿಗೆ ಉಬ್ಬಸ, ಮತ್ತೊಬ್ಬರು ಮನೆಯಲ್ಲಿ ಆಮಶಂಕೆಯಿಂದ ಮಲಗಿರುವ ಎರಡು ವರ್ಷದ ಮಗುವಿನ ತಂದೆ. ಮೊದಲ ಮಾತು ಎಲ್ಲರ ಮುಂದೆಯೂ ಒಂದೇ: ‘ಡಾಕ್ಟ್ರೇ, ಬೆಳಿಗ್ಗೆ ಎದೆ ನೋವು ಬಂತು.’ ಮಿಕ್ಕದ್ದನ್ನು ಕೇಳಿದರೆ ಮಾತ್ರ ಹೇಳಬೇಕು. ನೋವು ತೋಳಿಗೆ ಹರಿಯಿತೇ, ಬೆವರಿದಿರಾ, ಬೀಡಿ ಸಿಗರೇಟು ಉಂಟೇ, ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಇತ್ತೇ ಎಂಬ ಒಂದೊಂದು ಪ್ರಶ್ನೆಗೂ ಉತ್ತರ ಬಾಯಿಪಾಠವಾಗಿರುತ್ತದೆ. ಹೊರಗೆ ಬಂದ ಮೇಲೆ ನೆನಪು ಮಾಸುವ ಮುನ್ನ ಪ್ರಶ್ನಾವಳಿ ತುಂಬಿಸುತ್ತಾರೆ. ಕೊಟ್ಟ ಮಾತ್ರೆಗಳನ್ನು ನುಂಗದೆ ತಂದು ಒಪ್ಪಿಸಬೇಕು, ಅವು ಯಾವುವೆಂದು ಆಮೇಲೆ ಗುರುತಿಸುತ್ತಾರೆ.

ಕೇಳಲು ಸುಲಭ, ಮಾಡುವಾಗ ಕೆಡುವ ಕಡೆಗಳು ಬಹಳ. ಕಾಮಾಲೆ, ಮೈಮೇಲಿನ ಗುಳ್ಳೆಯಂಥ ಕಣ್ಣಿಗೆ ಕಾಣುವ ಲಕ್ಷಣಗಳ ಕಾಯಿಲೆಯನ್ನು ನಟಿಸಲಾಗದು. ಮಗುವನ್ನು ಕರೆದೊಯ್ದು ಅಪಾಯಕ್ಕೆ ಒಡ್ಡುವಂತಿಲ್ಲ. ಆದ್ದರಿಂದಲೇ ಮಗು ಮನೆಯಲ್ಲಿದೆ ಎಂಬ ಕಥೆ. ಇಂಜೆಕ್ಷನ್ ಸಿರಿಂಜು ಕೈಗೆತ್ತಿಕೊಂಡರೆ ನಯವಾಗಿ ತಪ್ಪಿಸಿಕೊಳ್ಳುವ ನೆಪಗಳನ್ನು ಮೊದಲೇ ಕಲಿಸಿರಬೇಕು. ಪುಟ್ಟ ಹಳ್ಳಿಯಲ್ಲಿ ಡಾಕ್ಟರಿಗೆ ಎಲ್ಲರ ಮನೆಯೂ ಗೊತ್ತು, ಹೊಸಮುಖ ಯಾಕೆ ಬಂತು ಎಂದು ಅನುಮಾನ ಬರಬಹುದು. ಹಾಗಾಗಿ ಯಾರ ಮನೆಗೆ ಬಂದದ್ದು, ಯಾವ ಕೆಲಸಕ್ಕೆ ಬಂದದ್ದು ಎಂಬುದೂ ಕಥೆಯೊಳಗೆ ಸೇರಿರಬೇಕು. ಇನ್ನು, ಡಾಕ್ಟರ ಸಮಯ ಬಳಸಿಕೊಳ್ಳುವುದರಿಂದ ನೈತಿಕ ಸಮಿತಿಯ ಅನುಮತಿ ಬೇಕೇ ಬೇಕು. ಕೆಲವು ಅಧ್ಯಯನಗಳಲ್ಲಿ ‘ಮುಂದಿನ ತಿಂಗಳುಗಳಲ್ಲಿ ಇಂಥವರು ಬರಬಹುದು’ ಎಂದು ಡಾಕ್ಟರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದಿದ್ದಾರೆ. ಫಲಿತಾಂಶದಲ್ಲಿ ಯಾರ ಹೆಸರೂ ಬರಕೂಡದು. ಇದು ಯಾರನ್ನೋ ಹಿಡಿದುಹಾಕುವ ಕೆಲಸವಲ್ಲ.

ಆ ಅಧ್ಯಯನದಲ್ಲಿ ಕಂಡದ್ದೇನು? ಮಧ್ಯಪ್ರದೇಶದಲ್ಲಿ ಒಬ್ಬ ರೋಗಿಗೆ ಸಿಕ್ಕ ಸಮಯ ಸರಾಸರಿ 3.6 ನಿಮಿಷ, ದೆಹಲಿಯಲ್ಲಿ 5.4 ನಿಮಿಷ. ಕೇಳಲೇಬೇಕಾದ ಪ್ರಶ್ನೆ, ಮಾಡಲೇಬೇಕಾದ ಪರೀಕ್ಷೆಗಳಲ್ಲಿ ನಡೆದದ್ದು ಸುಮಾರು ಮೂರರಲ್ಲಿ ಒಂದು ಪಾಲು. ಹಳ್ಳಿಗಳಲ್ಲಿ ಚಿಕಿತ್ಸೆ ಕೊಡುತ್ತಿದ್ದವರಲ್ಲಿ ಶೇ. 67 ಮಂದಿಗೆ ಯಾವ ವೈದ್ಯಕೀಯ ಪದವಿಯೂ ಇರಲಿಲ್ಲ. ಅಷ್ಟಾದರೂ, ಪ್ರಶ್ನೆ ಕೇಳಿ ಮೈ ಮುಟ್ಟಿ ನೋಡುವುದರಲ್ಲಿ ಪದವಿ ಇದ್ದವರಿಗೂ ಇಲ್ಲದವರಿಗೂ ಇದ್ದ ಅಂತರ ಸಣ್ಣದು. ಇದನ್ನು ತಪ್ಪಾಗಿ ತಿಳಿಯಬಾರದು. ಓದು ಬೇಡವೆಂದು ಇದರ ಅರ್ಥವಲ್ಲ. ಐದೂವರೆ ವರ್ಷ ಓದಿ ಕಲಿತದ್ದು ಆ ಮೂರು ನಿಮಿಷದೊಳಗೆ ಹೊರಗೆ ಬರುತ್ತಿಲ್ಲ ಎಂದು ಅರ್ಥ.

2016ರಲ್ಲಿ ಬಂದ ಮುಂದಿನ ಅಧ್ಯಯನ ಇದನ್ನು ಇನ್ನೂ ಸ್ಪಷ್ಟಪಡಿಸಿತು. ಬೆಳಿಗ್ಗೆ ಸರ್ಕಾರಿ ಕೇಂದ್ರದಲ್ಲಿ, ಸಂಜೆ ಸ್ವಂತ ಕ್ಲಿನಿಕ್ಕಿನಲ್ಲಿ ಕೂರುವ ಡಾಕ್ಟರುಗಳ ಬಳಿಗೆ ಎರಡೂ ಕಡೆ ಮಾದರಿ ರೋಗಿಗಳು ಹೋದರು. ಅದೇ ಡಾಕ್ಟರು, ಅದೇ ಕಾಯಿಲೆ. ಸ್ವಂತ ಕ್ಲಿನಿಕ್ಕಿನಲ್ಲಿ ಎಲ್ಲ ಅಳತೆಗಳಲ್ಲೂ ಕೆಲಸ ಮೇಲಿತ್ತು. ಸರ್ಕಾರಿ ಸಂಬಳ ಹೆಚ್ಚಿದ್ದವರ ಕೆಲಸವೂ ಹೆಚ್ಚು ಚೆನ್ನಾಗಿತ್ತೇ ಎಂದು ನೋಡಿದರೆ, ಸಂಬಳಕ್ಕೂ ಗುಣಮಟ್ಟಕ್ಕೂ ನಂಟೇ ಕಾಣಲಿಲ್ಲ. ಖಾಸಗಿ ಕಡೆ ಹೆಚ್ಚು ಶುಲ್ಕ ತೆಗೆದುಕೊಳ್ಳುವವರು ಹೆಚ್ಚು ವಿಚಾರಿಸುತ್ತಿದ್ದರು, ಸರಿಯಾದ ಔಷಧವನ್ನೂ ಹೆಚ್ಚು ಕೊಡುತ್ತಿದ್ದರು. ಅದರ ಜೊತೆಗೆ ಬೇಡದ ಔಷಧವನ್ನೂ ಹೆಚ್ಚು ಕೊಡುತ್ತಿದ್ದರು.

ಕ್ಷಯರೋಗದ ವಿಚಾರವೂ ಹೀಗೇ. 2015ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನದಲ್ಲಿ ಟಿಬಿ ಲಕ್ಷಣ ಹೇಳಿಕೊಂಡು ಹೋದ 250 ಭೇಟಿಗಳಲ್ಲಿ ಸರಿಯಾದ ಕ್ರಮ ಸಿಕ್ಕಿದ್ದು 52ರಲ್ಲಿ ಮಾತ್ರ. ಕಾಗದದ ಮೇಲೆ ಕೇಳಿದಾಗ ಕಫ ಪರೀಕ್ಷೆ ಎಂದು ಬರೆದವರೇ, ಎದುರಿಗೆ ಬಂದ ರೋಗಿಗೆ ಅದನ್ನು ಬರೆದುಕೊಡದೆ ಕೆಮ್ಮಿನ ಸಿರಪ್ಪು, ಆ್ಯಂಟಿಬಯೋಟಿಕ್ ಕೊಟ್ಟು ಕಳಿಸಿದ್ದುಂಟು. ಫ್ಲೂರೋಕ್ವಿನೊಲೋನ್ ಗುಂಪಿನ ಆ್ಯಂಟಿಬಯೋಟಿಕ್ ಕೊಟ್ಟರೆ ಟಿಬಿ ಕೆಲಕಾಲ ಅಡಗಿದಂತೆ ಕಂಡು, ಪತ್ತೆಯಾಗುವುದೇ ತಡವಾಗುತ್ತದೆ.

ತರಬೇತಿ ಕೊಟ್ಟರೆ ಸರಿಹೋಗುತ್ತದೆಯೇ? ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ ಪದವಿಯಿಲ್ಲದ ಗ್ರಾಮೀಣ ಚಿಕಿತ್ಸಕರಿಗೆ ಒಂಬತ್ತು ತಿಂಗಳಲ್ಲಿ 150 ಗಂಟೆಗಳ ಪಾಠ ಮಾಡಿ, ಮಾದರಿ ರೋಗಿಗಳನ್ನು ಕಳಿಸಿ ನೋಡಿದರು. ಸರಿಯಾದ ಚಿಕಿತ್ಸೆ ನೂರಕ್ಕೆ ಸುಮಾರು ಎಂಟರಷ್ಟು ಏರಿತು. ಬೇಡದ ಔಷಧ, ಆ್ಯಂಟಿಬಯೋಟಿಕ್ ಕೊಡುವ ಅಭ್ಯಾಸ ಮಾತ್ರ ಇದ್ದಲ್ಲೇ ಇತ್ತು. ಹೊಸದನ್ನು ಕಲಿಸಬಹುದು, ರೂಢಿಯನ್ನು ಪಾಠದಿಂದ ಬಿಡಿಸುವುದು ಕಷ್ಟ.

ಈಗ ನಮ್ಮ ರಾಜ್ಯಕ್ಕೆ ಬರೋಣ. ಈ ಸಂಶೋಧನೆಗಳಲ್ಲೆಲ್ಲ ಬಹಳ ಉಪಯೋಗದ್ದು ಎನ್ನಬೇಕಾದ ಅಧ್ಯಯನ ಕರ್ನಾಟಕದಲ್ಲೂ ಬಿಹಾರದಲ್ಲೂ ನಡೆದು 2024ರಲ್ಲಿ ಪ್ರಕಟವಾಯಿತು. 253 ಪಟ್ಟಣಗಳ ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ಚಿಕಿತ್ಸಕರು, ಔಷಧಿ ಅಂಗಡಿಗಳು ಅದರಲ್ಲಿದ್ದರು. ಪ್ರಶ್ನೆ ಒಂದೇ. ಮಗುವಿನ ಬೇಧಿಗೆ ಓಆರ್‌ಎಸ್ ಒಳ್ಳೆಯದೆಂದು ಎಲ್ಲರಿಗೂ ಗೊತ್ತಿದ್ದರೂ ಯಾಕೆ ಕೊಡುವುದಿಲ್ಲ? ಮೂರು ಊಹೆಗಳಿದ್ದವು. ಅಂಗಡಿಯಲ್ಲಿ ದಾಸ್ತಾನು ಇಲ್ಲ. ಓಆರ್‌ಎಸ್ ಅಗ್ಗ, ಬೇರೆ ಔಷಧದಲ್ಲಿ ಲಾಭ ಹೆಚ್ಚು. ಇಲ್ಲವೇ, ರೋಗಿಯ ಕಡೆಯವರಿಗೆ ಓಆರ್‌ಎಸ್ ಬೇಡ ಎಂದು ಚಿಕಿತ್ಸಕರು ತಾವೇ ಅಂದುಕೊಂಡಿದ್ದಾರೆ.

ಮೂರನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದರು. ಅರ್ಧದಷ್ಟು ಮಂದಿಗೆ ಆರು ವಾರಕ್ಕಾಗುವಷ್ಟು ಓಆರ್‌ಎಸ್ ತಲುಪಿಸಿದರು. ಕೆಲವು ಮಾದರಿ ರೋಗಿಗಳು ‘ಔಷಧ ಬೇರೆ ಕಡೆ ಕೊಳ್ಳುತ್ತೇವೆ, ಏನು ಕೊಡಬೇಕು ಹೇಳಿ ಸಾಕು’ ಎಂದರು. ಅಲ್ಲಿಗೆ ಲಾಭದ ಆಸೆ ಕಳೆಯಿತು. ಕೆಲವರು ಓಆರ್‌ಎಸ್ ಬೇಕೆಂದು ಬಾಯಿಬಿಟ್ಟು ತಿಳಿಸಿದರು, ಕೆಲವರು ಆ್ಯಂಟಿಬಯೋಟಿಕ್ ಕಡೆ ಒಲವು ತೋರಿಸಿದರು, ಕೆಲವರು ಸುಮ್ಮನಿದ್ದರು. ದಾಸ್ತಾನು ತುಂಬಿಸಿದ್ದರಿಂದ ಓಆರ್‌ಎಸ್ ಕೊಡುವುದು ನೂರಕ್ಕೆ ಏಳರಷ್ಟು ಹೆಚ್ಚಾಯಿತು. ಲಾಭದ ಆಸೆ ಕಳೆದದ್ದು ಔಷಧಿ ಅಂಗಡಿಗಳಲ್ಲಿ ಮಾತ್ರ ಪರಿಣಾಮ ಮಾಡಿತು. ಬಾಯಿಬಿಟ್ಟು ಕೇಳಿದ್ದರಿಂದ ಹೆಚ್ಚಾದದ್ದು ನೂರಕ್ಕೆ 27! ಓಆರ್‌ಎಸ್ ಕೊಡದಿರುವುದಕ್ಕೆ ಇರುವ ಕಾರಣಗಳಲ್ಲಿ ‘ಇವರಿಗೆ ಬೇಡ’ ಎಂಬ ತಪ್ಪು ಊಹೆಯ ಪಾಲು ಶೇ. 42 ಎಂದು ಲೆಕ್ಕ ಸಿಕ್ಕಿತು. ನಾವು ಬಾಯಿ ತೆರೆದು ಹೇಳುವುದಿಲ್ಲ, ಅವರು ಕೇಳುವುದಿಲ್ಲ. ನಡುವೆ ಸೊರಗುವುದು ಮಗು.

ಅದಕ್ಕೇ ಓಆರ್‌ಎಸ್ ಬಗ್ಗೆ ನಾಲ್ಕು ಮಾತು ಇಲ್ಲೇ ಹೇಳಬೇಕು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನ್‌ಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಮುಗಿದಾಗ ಡಾ. ದಿಲೀಪ್ ಮಹಾಲನಬೀಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಮನೆಯವರ ಕೈಯಲ್ಲೇ ಕುಡಿಸಿ ಸಾವಿರಾರು ಜೀವ ಉಳಿಸಿದರು. ಈಗಿನ ಪೊಟ್ಟಣದಲ್ಲೂ ಅದೇ ತತ್ವ. ದೊಡ್ಡ ಪೊಟ್ಟಣ 20.5 ಗ್ರಾಂ, ಅದು ಪೂರ್ತಿ ಒಂದು ಲೀಟರ್ ಕುಡಿಯುವ ನೀರಿಗೆ. ಬಹಳ ಮನೆಗಳಲ್ಲಿ ಆಗುವ ತಪ್ಪೆಂದರೆ ಅರ್ಧ ಪೊಟ್ಟಣವನ್ನು ಅಂದಾಜಿನಲ್ಲಿ ಒಂದು ಲೋಟಕ್ಕೆ ಸುರಿಯುವುದು. ನೀರು ಕಡಿಮೆಯಾದರೆ ಉಪ್ಪು ಹೆಚ್ಚಾಗಿ ಮಗುವಿಗೆ ಕೇಡು, ನೀರು ಹೆಚ್ಚಾದರೆ ಗುಣ ಕಡಿಮೆ. ಕಲಸಿದ್ದನ್ನು 24 ಗಂಟೆಯ ಮೇಲೆ ಇಡಬಾರದು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಬೇಧಿಯಾದ ಮೇಲೆ 50ರಿಂದ 100 ಮಿಲಿಲೀಟರ್, ದೊಡ್ಡ ಮಕ್ಕಳಿಗೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ. ಜೊತೆಗೆ ಸತುವಿನ ಮಾತ್ರೆ, ಅಂದರೆ ಜಿಂಕ್, ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂನಂತೆ 14 ದಿನ. ಬೇಧಿ ಮೂರನೇ ದಿನ ನಿಂತಿತೆಂದು ಅರ್ಧಕ್ಕೇ ಬಿಡುವವರೇ ಹೆಚ್ಚು. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಮಂಪರು, ಕುಡಿಯಲಾರದ ಸ್ಥಿತಿ, ಮೂತ್ರ ನಿಂತಿರುವುದು ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಮಾದರಿ ರೋಗಿಯ ವಿಧಾನಕ್ಕೆ ಎಟುಕದ್ದೂ ಒಂದಿದೆ. ಅದು ಒಂದು ಭೇಟಿಯನ್ನು ನೋಡುತ್ತದೆ. ಬಿಪಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಸಿಗಬೇಕಾದ ಆರೈಕೆಯನ್ನು ನೋಡಲಾರದು. ಅದಕ್ಕೆ ಬೇಕಾದದ್ದು ರಿಜಿಸ್ಟರು. ಅಲ್ಲೂ ಎಡವುವುದು ಭಾಗಾಕಾರದಲ್ಲಿ. ಹೆಸರು ಬರೆಸಿದವರು ನೂರು, ಈ ತ್ರೈಮಾಸಿಕದಲ್ಲಿ ಬಂದವರು ಐವತ್ತು, ಅವರಲ್ಲಿ ಬಿಪಿ 140/90ರ ಕೆಳಗಿರುವವರು ನಲವತ್ತು ಎಂದುಕೊಳ್ಳಿ. ಐವತ್ತರಲ್ಲಿ ನಲವತ್ತು ಎಂದು ಬರೆದರೆ ಶೇ. 80, ವರದಿ ಬಲು ಚೆಂದ. ನಿಜವಾದ ಲೆಕ್ಕ ನೂರರಲ್ಲಿ ನಲವತ್ತು. ಬಾರದೆ ಉಳಿದ ಆ ಐವತ್ತು ಜನರನ್ನು ಹುಡುಕಿಕೊಂಡು ಆಶಾ ಕಾರ್ಯಕರ್ತೆ ಮನೆಗೆ ಹೋಗಬೇಕಾದರೆ, ಅವರ ಹೆಸರು ಲೆಕ್ಕದ ಒಳಗೇ ಇರಬೇಕು.

ಇನ್ನು ನೀವು ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಹಳೆಯ ಚೀಟಿಗಳನ್ನೂ ತಿನ್ನುತ್ತಿರುವ ಮಾತ್ರೆಗಳ ಖಾಲಿ ಪಟ್ಟಿಗಳನ್ನೂ ಕೈಯಲ್ಲಿ ಹಿಡಿದೇ ಹೋಗಿ. ಎಷ್ಟು ದಿನದಿಂದ ತೊಂದರೆ ಎಂಬುದನ್ನು ಕೇಳದಿದ್ದರೂ ಮೊದಲೇ ಹೇಳಿ. ಕೆಮ್ಮು ಎರಡು ವಾರ ದಾಟಿದ್ದರೆ ‘ಕಫ ಪರೀಕ್ಷೆ ಬೇಕಾ ಡಾಕ್ಟ್ರೇ?’ ಎಂದು ಕೇಳಿ. ಮಗುವಿಗೆ ಬೇಧಿಯಾದರೆ ‘ಓಆರ್‌ಎಸ್, ಜಿಂಕ್ ಬರೆದುಕೊಡಿ’ ಎನ್ನಿ. ಇಂಜೆಕ್ಷನ್ ಬೇಕೇಬೇಕೆಂದು ನೀವಾಗಿಯೇ ತೋಳು ಚಾಚಬೇಡಿ.

ನಮಸ್ಕಾರ.