ಬೆಂಕಿಯ ನಡುವೆ ಪಾರಿವಾಳಗಳು

ಕೇಳುಗರಿಗೆ ನಮಸ್ಕಾರ.

1666ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಲಂಡನ್ನಿನ ಪುಡಿಂಗ್ ಲೇನಿನ ಬೇಕರಿಯೊಂದರಲ್ಲಿ ಹೊತ್ತಿಕೊಂಡ ಬೆಂಕಿ ನಾಲ್ಕು ದಿನ ಉರಿದು, ಹದಿಮೂರು ಸಾವಿರಕ್ಕೂ ಹೆಚ್ಚು ಮನೆಗಳನ್ನೂ 87 ಚರ್ಚುಗಳನ್ನೂ ಬೂದಿ ಮಾಡಿತೆಂದು ಇತಿಹಾಸದ ಪುಸ್ತಕಗಳಲ್ಲಿ ಓದಿದ್ದೆ. ಅಂಕಿಗಳು ನೆನಪಿನಲ್ಲಿ ಉಳಿದಿದ್ದವು. ಊರು ಸುಡುವುದು ಮಾತ್ರ ಕಣ್ಣಿಗೆ ಕಟ್ಟಿರಲಿಲ್ಲ. ಅದನ್ನು ನನಗೆ ಕಾಣಿಸಿದವನು ಸ್ಯಾಮ್ಯುಯೆಲ್ ಪೀಪ್ಸ್.

ದರ್ಜಿಯ ಮಗನಾಗಿ 1633ರಲ್ಲಿ ಹುಟ್ಟಿ, ನೌಕಾ ಮಂಡಳಿಯಲ್ಲಿ ಅಧಿಕಾರಿಯಾದ ಈತ 1660ರ ಜನವರಿ 1ರಿಂದ ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ದಿನಚರಿ ಬರೆದ. ಬೆಂಕಿ ಬಿದ್ದ ರಾತ್ರಿ ಮೂರು ಗಂಟೆಗೆ ಕೆಲಸದವಳು ಎಬ್ಬಿಸಿದಾಗ ಕಿಟಕಿಯಿಂದ ನೋಡಿ, ಬೆಂಕಿ ಇನ್ನೂ ದೂರವಿದೆಯೆಂದು ಮತ್ತೆ ಮಲಗಿಬಿಟ್ಟದ್ದನ್ನೂ ಆತ ಮುಚ್ಚಿಡದೆ ಬರೆದಿದ್ದಾನೆ. ಬೆಳಗಾದ ಮೇಲೆ ದೋಣಿ ಹತ್ತಿ ಥೇಮ್ಸ್ ನದಿಯಲ್ಲಿ ಹೋದವನಿಗೆ, ಉರಿ ಮೈಗೆ ತಾಕುವವರೆಗೂ ಮನೆ ಬಿಡದೆ ನಿಂತ ಜನ ಕಂಡರು. ಪಾರಿವಾಳಗಳೂ ಹಾಗೆಯೇ, ಗೂಡು ಬಿಟ್ಟು ಹೋಗಲೊಲ್ಲದೆ ಕಿಟಕಿ, ಬಾಲ್ಕನಿಗಳ ಸುತ್ತಲೇ ಹಾರಾಡುತ್ತಿದ್ದು, ಕೆಲವು ರೆಕ್ಕೆ ಸುಟ್ಟು ಕೆಳಗೆ ಬಿದ್ದವಂತೆ. ಮನೆಯ ಸಾಮಾನು ತುಂಬಿದ ಮೂರು ದೋಣಿಗಳಲ್ಲಿ ಒಂದರಲ್ಲಾದರೂ ವರ್ಜಿನಲ್ ಎಂಬ ವಾದ್ಯ ಇತ್ತೆಂಬುದನ್ನೂ ಆತ ಗಮನಿಸಿದ. ಊರೇ ಉರಿಯುವಾಗ ಜನ ಸಂಗೀತದ ಪೆಟ್ಟಿಗೆಯನ್ನು ಹೊತ್ತು ಓಡಿದರೆಂಬ ಈ ಒಂದು ಮಾತಿನಿಂದ ಆ ಕಾಲದ ಲಂಡನ್ ನನಗೆ ಎಷ್ಟು ಹತ್ತಿರವಾಯಿತೆಂದರೆ, ರಾಜರ ವಂಶಾವಳಿಯನ್ನೆಲ್ಲ ಓದಿದರೂ ಅಷ್ಟು ಆಗಿರಲಿಲ್ಲ. ಎರಡು ದಿನಗಳ ಬಳಿಕ ಪೀಪ್ಸ್ ತನ್ನ ವೈನನ್ನೂ ಪಾರ್ಮೆಸಾನ್ ಚೀಸನ್ನೂ ತೋಟದಲ್ಲಿ ಗುಂಡಿ ತೋಡಿ ಹೂತಿಟ್ಟ.

ಮನೆಗೆಲಸದ ಹೆಣ್ಣುಮಕ್ಕಳೊಡನೆ ಆತ ನಡೆದುಕೊಂಡ ರೀತಿಯನ್ನು ಓದುವಾಗ ಸಿಟ್ಟು ಬರುತ್ತದೆ. ಅದೂ ಅವನ ಕೈಬರಹದಲ್ಲೇ ಇದೆ. ಬಹುಶಃ ಈ ಕಾರಣಕ್ಕೇ ಆತ ಶೀಘ್ರಲಿಪಿಯಲ್ಲಿ ಬರೆದ. ಆದರೆ ಯಾರೂ ಓದಬಾರದೆಂದಿದ್ದರೆ ಸುಟ್ಟುಹಾಕಬಹುದಿತ್ತಲ್ಲ? ಆತ ಆರು ಸಂಪುಟಗಳಿಗೂ ರಟ್ಟು ಕಟ್ಟಿಸಿ ತನ್ನ ಗ್ರಂಥಾಲಯದಲ್ಲಿಟ್ಟ. ಎತ್ತರಕ್ಕನುಗುಣವಾಗಿ ಪುಸ್ತಕ ಜೋಡಿಸಿ, ಗಿಡ್ಡ ಪುಸ್ತಕಗಳ ಅಡಿಗೆ ಮರದ ಪುಟ್ಟ ತುಂಡುಗಳನ್ನಿಟ್ಟು ಸಾಲು ಸರಿಮಾಡಿದ ಆ ಮೂರು ಸಾವಿರ ಪುಸ್ತಕಗಳ ಸಂಗ್ರಹ ಇಂದಿಗೂ ಕೇಂಬ್ರಿಡ್ಜಿನ ಮಾಡ್ಲಿನ್ ಕಾಲೇಜಿನಲ್ಲಿದೆ. ಒಂದು ಪುಸ್ತಕವನ್ನೂ ಸೇರಿಸಕೂಡದು, ತೆಗೆಯಕೂಡದು ಎಂಬುದು ಅವನ ಕಟ್ಟಳೆ. 1819ರಲ್ಲಿ ಜಾನ್ ಸ್ಮಿತ್ ಎಂಬ ಬಡ ವಿದ್ಯಾರ್ಥಿ ದಿನಚರಿಯ ಮೂರು ಸಾವಿರಕ್ಕೂ ಮಿಕ್ಕಿದ ಪುಟಗಳನ್ನು ಬಿಡಿಸಲು ಕುಳಿತು ಸುಮಾರು ಮೂರು ವರ್ಷ ಬೆವರು ಸುರಿಸಿದ. ಆ ಲಿಪಿಯನ್ನು ಕಲಿಸುವ ಕೈಪಿಡಿ ಪೀಪ್ಸನ ಕಪಾಟಿನಲ್ಲೇ ಇತ್ತು. ಸ್ಮಿತ್‌ಗೆ ಅದು ಗೊತ್ತಿರಲಿಲ್ಲ. ಆ ಹುಡುಗನ ಶ್ರಮವನ್ನು ನೆನೆಯದೆ ನಾನು ಈ ದಿನಚರಿಯನ್ನು ಕೈಗೆತ್ತಿಕೊಳ್ಳುವುದಿಲ್ಲ.

ಕಣ್ಣು ಹೋಗುತ್ತದೆಂಬ ಭಯದಿಂದ 1669ರ ಮೇ 31ರಂದು ಪೀಪ್ಸ್ ಬರವಣಿಗೆ ನಿಲ್ಲಿಸಿದ. ಕಣ್ಣು ಹೋಗಲಿಲ್ಲ, ಆಮೇಲೂ 34 ವರ್ಷ ಬದುಕಿದ. ಆದರೆ ಅದೇ ವರ್ಷದ ನವೆಂಬರಿನಲ್ಲಿ, ದಿನಚರಿಯ ಉದ್ದಕ್ಕೂ ಅವನೊಡನೆ ಜಗಳವಾಡಿ, ರಾಜಿಯಾಗಿ, ನಕ್ಕು, ಅತ್ತ ಹೆಂಡತಿ ಎಲಿಜಬೆತ್ 29ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆ ದಿನಕ್ಕೆ ಪುಟವಿಲ್ಲ.