ಪ್ರಶ್ನೆಪತ್ರಿಕೆ ಇಲ್ಲದ ಸಂದರ್ಶನ

(ಪಾಲಿಟೆಕ್ನಿಕ್‌ ಒಂದರ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಅಧ್ಯಾಪಕ ಬಂಧುಗಳೇ, ವಿದ್ಯಾರ್ಥಿ ಮಿತ್ರರೇ,

ಸಂದರ್ಶನವನ್ನು ಎದುರಿಸುವ ಬಗೆ ಹೇಗೆ ಎಂದು ನಿಮಗೆ ಈಗಾಗಲೇ ಹಲವರು ಹೇಳಿರುತ್ತಾರೆ. ಇಸ್ತ್ರಿ ಮಾಡಿದ ಅಂಗಿ, ಫೈಲಿನಲ್ಲಿ ಜೋಡಿಸಿದ ಅಂಕಪಟ್ಟಿ, ಬಾಗಿಲು ತಟ್ಟಿ ಒಳಗೆ ಹೋಗುವುದು, ಹೇಳಿದ ಮೇಲೆ ಕುಳಿತುಕೊಳ್ಳುವುದು, ಇವೆಲ್ಲ ನಿಮಗೆ ಬಾಯಿಪಾಠವಾಗಿವೆ. ಇಂದು ನಾನು ಹೇಳಹೊರಟಿರುವುದು ಬಾಗಿಲೇ ಇಲ್ಲದ ಸಂದರ್ಶನದ ಬಗ್ಗೆ. ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ, ಮೊದಲು ಕೆಲಸ ಕೇಳುವವನಾಗಿ, ಆಮೇಲೆ ಕೆಲಸಕ್ಕೆ ತೆಗೆದುಕೊಳ್ಳುವವನಾಗಿ ನಾನು ಕಂಡ ಸಂದರ್ಶನಗಳಲ್ಲಿ ಹೆಚ್ಚಿನವು ನಡೆದದ್ದು ಗೇಟಿನ ಬಳಿ, ಲೇತ್ ಮಷೀನಿನ ಪಕ್ಕದಲ್ಲಿ, ದರ್ಶಿನಿಯ ನಿಲುಮೇಜಿನ ಮುಂದೆ, ಫೋನಿನಲ್ಲಿ, ಒಂದೆರಡು ಬಾರಿ ಮದುವೆ ಮನೆಯ ಊಟದ ಪಂಕ್ತಿಯಲ್ಲಿ.

ನನ್ನದೇ ಒಂದು ಸೋಲಿನಿಂದ ಆರಂಭಿಸುತ್ತೇನೆ. ಡಿಪ್ಲೊಮಾ ಮುಗಿಸಿದ ವರ್ಷ, ಮೆಟ್ರೋ ಎಂಬ ಮಾತೇ ಇಲ್ಲದ ಕಾಲದಲ್ಲಿ, ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿದು ಒಂದೊಂದೇ ಗೇಟಿನ ಮುಂದೆ ನಿಂತು 'ಬೇಕಾಗಿದ್ದಾರೆ' ಎಂಬ ಹಲಗೆಗಳನ್ನು ಓದುತ್ತಾ ಹೋಗುತ್ತಿದ್ದೆ. ಬೇರೆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಒಂದು ಜಾಬ್‌ವರ್ಕ್ ಶೆಡ್ಡಿನಲ್ಲಿ ಅರ್ಜಿ ಕೊಟ್ಟು ಹೊರಡಬೇಕೆನ್ನುವಷ್ಟರಲ್ಲಿ ಮಾಲೀಕರು "ಬನ್ನಿ, ಒಳಗೆ ನೋಡಿಕೊಂಡು ಹೋಗಿ" ಎಂದರು. ನೋಡುವುದಕ್ಕೆಂದು ಹೋದೆ. ನಡೆಯುತ್ತಾ ನಡೆಯುತ್ತಾ ಅವರು ಒಂದು ಶಾಫ್ಟನ್ನೂ, ಎಂದರೆ ದುಂಡನೆಯ ಲೋಹದ ಸರಳನ್ನೂ, ಅದನ್ನು ಅಳೆಯುವ ವರ್ನಿಯರ್ ಕ್ಯಾಲಿಪರನ್ನೂ ನನ್ನ ಕೈಗಿಟ್ಟು, "ಇದು ಇಪ್ಪತ್ತೈದು ಮಿಲಿಮೀಟರಿನದು, ಐದು ಪಾಯಿಂಟ್ ಕಡಿಮೆ ಇದ್ದರೂ ನಡೆಯುತ್ತೆ, ಹೇಗಿದೆ ನೋಡಿ ಹೇಳಿ" ಎಂದರು. ಐದು ಪಾಯಿಂಟ್ ಎಂದರೆ ಮಿಲಿಮೀಟರಿನ ನೂರರಲ್ಲಿ ಐದು ಭಾಗ. ನಾನು ಅಳೆದು, 24.96 ಬರುತ್ತಿದೆ, ಸರಿಯಾಗಿದೆ ಎಂದು ಉತ್ಸಾಹದಿಂದ ಹೇಳಿದೆ. ಅವರು ಏನೂ ಹೇಳದೆ ಶಾಫ್ಟನ್ನು ತೆಗೆದು, ಕ್ಯಾಲಿಪರಿನ ದವಡೆಗಳನ್ನು ಪೂರ್ತಿ ಮುಚ್ಚಿ ನನ್ನ ಕಣ್ಣಿನ ಮುಂದೆ ಹಿಡಿದರು. ಸೊನ್ನೆ ಇರಬೇಕಾದಲ್ಲಿ ಅದು 0.04 ತೋರಿಸುತ್ತಿತ್ತು. ಅಷ್ಟನ್ನು ಕಳೆದರೆ ಶಾಫ್ಟಿನ ನಿಜವಾದ ಅಳತೆ 24.92, ಇರಬೇಕಾದದ್ದು ಕನಿಷ್ಠ 24.95. ಅಂದರೆ ನಾನು 'ಸರಿಯಾಗಿದೆ' ಎಂದದ್ದು ರಿಜೆಕ್ಟ್ ಮಾಲು. ಆಮೇಲೆ ಅವರು ಆಫೀಸಿನಲ್ಲಿ ಕೂರಿಸಿ ಕಾಫಿ ಕೊಡಿಸಿದರು, ಊರು ಕೇಳಿದರು, ಅಂಕಪಟ್ಟಿ ನೋಡಿದರು. ಕುರ್ಚಿಯಲ್ಲಿ ಕುಳಿತಾಗ ನಾನು ಬೆನ್ನು ನೇರ ಮಾಡಿಕೊಂಡೆ, ಈಗ ಸಂದರ್ಶನ ಶುರುವಾಯಿತು ಎಂದುಕೊಂಡು. ಅದು ಶೆಡ್ಡಿನಲ್ಲೇ ಮುಗಿದುಹೋಗಿತ್ತು. ಆ ಕೆಲಸ ನನಗೆ ಸಿಗಲಿಲ್ಲ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಅಂದು ನನಗೆ ತಿಳಿಯದೆ ಇದ್ದ ಇನ್ನೊಂದು ಸಂಗತಿಯಿದೆ, ಅದು ಇಂದಿನ ನನ್ನ ಮಾತಿನ ತಿರುಳು. ಆ ಮಾಲೀಕರಿಗೆ ಎಂಥವರು ಬೇಕು ಎಂಬುದು ಅವರಿಗೇ ಪೂರ್ತಿ ಖಚಿತವಿರಲಿಲ್ಲ. ಹಲಗೆಯಲ್ಲಿ 'ಟರ್ನರ್', ಎಂದರೆ ಲೇತ್ ಓಡಿಸುವವನು, ಎಂದು ಬರೆಸಿದ್ದರು, ಆದರೆ ಅವರನ್ನು ನಿದ್ದೆಗೆಡಿಸುತ್ತಿದ್ದದ್ದು ಗ್ರಾಹಕರಿಂದ ವಾಪಸ್ಸು ಬರುತ್ತಿದ್ದ ಮಾಲು. ದೊಡ್ಡ ಕಂಪನಿಯಲ್ಲಿ ಹುದ್ದೆ ಮೊದಲು, ಅಭ್ಯರ್ಥಿ ಆಮೇಲೆ. ಸಣ್ಣ ಕಡೆಗಳಲ್ಲಿ ಎಷ್ಟೋ ಸಲ ಹುದ್ದೆ ಹುಟ್ಟುವುದೇ ಆ ಮಾತುಕತೆಯಲ್ಲಿ. ಎದುರಿಗಿರುವವರ ಕೆಲಸ ಎಲ್ಲಿ ಸಿಕ್ಕಿಕೊಂಡಿದೆ ಎಂದು ಕೇಳಿ ತಿಳಿಯಬಲ್ಲವನು, ತನಗೆ ಬರುವ ವಿದ್ಯೆಯನ್ನು ಅದಕ್ಕೆ ಜೋಡಿಸಿ ಹೇಳಬಲ್ಲವನು, ತನ್ನ ಹುದ್ದೆಯನ್ನು ಅರ್ಧದಷ್ಟು ತಾನೇ ಬರೆದುಕೊಂಡಂತೆ. "ಮಾಲು ಹೆಚ್ಚು ವಾಪಸ್ಸು ಬರುತ್ತಿದೆಯೇ ಸರ್, ಯಾವ ಅಳತೆಯಲ್ಲಿ?" ಎಂದು ನಾನು ಅಂದು ಕೇಳಿದ್ದರೆ ಮಾತು ಬೇರೆ ದಿಕ್ಕಿಗೆ ಹೊರಳುತ್ತಿತ್ತೋ ಏನೋ.

ಮದುವೆ ಮನೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಪಂಕ್ತಿಯಲ್ಲಿ ಕೋಸಂಬರಿ ಬಡಿಸುತ್ತಿರುವಾಗಲೇ ನಿಮ್ಮ ಚಿಕ್ಕಪ್ಪ ಪಕ್ಕದವರಿಗೆ, "ಇವನು ನಮ್ಮಣ್ಣನ ಮಗ, ಡಿಪ್ಲೊಮಾ ಮಾಡಿದಾನೆ, ಎಲ್ಲಾದರೂ ಒಂದು ಕಡೆ ಹಾಕ್ಕೊಡಿ" ಎನ್ನುತ್ತಾರೆ. ನೀವು ನಾಚಿ ಎಲೆ ನೋಡುತ್ತೀರಿ. ಆ ಮಾತಿನಲ್ಲಿ ನೀವು ಒಂದು ಮೂಟೆಯಾಗಿದ್ದೀರಿ, ಎಲ್ಲಾದರೂ 'ಹಾಕಬೇಕಾದ' ವಸ್ತು. ಅದನ್ನು ಬದಲಾಯಿಸಲು ಒಂದು ಪ್ರಶ್ನೆ ಸಾಕು: "ನಿಮ್ಮಲ್ಲಿ ಯಾವ ಮಷೀನುಗಳಿವೆ ಸರ್? ನಾನು ಕಲಿತದ್ದು ಫ್ಯಾನಕ್ ಕಂಟ್ರೋಲಿನ ವಿಎಂಸಿ ಮೇಲೆ." (ವಿಎಂಸಿ ಎಂದರೆ ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕೊರೆಯುವ ಮಷೀನು.) ಅಲ್ಲಿಂದ ಮುಂದೆ ಮಾತಾಡುವವರು ನೀವಿಬ್ಬರು. ಚಿಕ್ಕಪ್ಪನವರು ನೆಮ್ಮದಿಯಾಗಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳಬಹುದು.

ಇಂಥ ಪರಿಚಯಗಳು ಹತ್ತಿರದ ಬಂಧುಗಳಿಂದಲೇ ಬರಬೇಕೆಂದಿಲ್ಲ. ಅಮೆರಿಕದ ಸಮಾಜವಿಜ್ಞಾನಿ ಮಾರ್ಕ್ ಗ್ರಾನೊವೆಟರ್ ಬಾಸ್ಟನ್ ಬಳಿಯ ನ್ಯೂಟನ್ ಪಟ್ಟಣದಲ್ಲಿ, ಪರಿಚಯದವರ ಮೂಲಕ ಹೊಸ ಕೆಲಸ ಕಂಡುಕೊಂಡವರನ್ನು ಮಾತಾಡಿಸಿ 1973ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಕೆಲಸದ ಸುದ್ದಿ ಕೊಟ್ಟವರನ್ನು ಆಗಾಗ, ಎಂದರೆ ವಾರಕ್ಕೆ ಎರಡು ಸಲವಾದರೂ ಕಾಣುತ್ತಿದ್ದೆವು ಎಂದವರು ಅವರಲ್ಲಿ ನೂರಕ್ಕೆ ಸುಮಾರು 17 ಮಂದಿ ಮಾತ್ರ. ಅಪರೂಪಕ್ಕೊಮ್ಮೆ, ವರ್ಷಕ್ಕೆ ಒಂದು ಸಲವೋ ಅದಕ್ಕೂ ಕಡಿಮೆಯೋ ಕಾಣುತ್ತಿದ್ದೆವು ಎಂದವರೇ 28 ಮಂದಿ, ಉಳಿದವರು ಇವೆರಡರ ನಡುವೆ. ಕಾರಣ ಸರಳವಾದದ್ದು: ನಿಮ್ಮ ಆಪ್ತ ಗೆಳೆಯನಿಗೆ ಗೊತ್ತಿರುವ ಸುದ್ದಿ ನಿಮಗೂ ಗೊತ್ತಿರುತ್ತದೆ, ಬೇರೆ ಬಳಗದವನು ಬೇರೆ ಸುದ್ದಿ ತರುತ್ತಾನೆ. ಅಧ್ಯಯನ ಚಿಕ್ಕದು, ಊರು ದೂರದ್ದು, ಆದರೂ ಹಾಸ್ಟೆಲಿನ ಮೂರು ವರ್ಷ ಹಿಂದಿನ ಸೀನಿಯರ್ ಒಬ್ಬರ ಫೋನಿನಿಂದ ಕೆಲಸ ಸಿಕ್ಕಿತು ಎನ್ನುವವರನ್ನು ನಾನು ಪೀಣ್ಯದಲ್ಲಿ ಬೇಕಾದಷ್ಟು ಕಂಡಿದ್ದೇನೆ.

ಒಂದು ಮಾತನ್ನು ಇಲ್ಲಿ ಮುಚ್ಚಿಡಬಾರದು. ಪರಿಚಯದ ಮೇಲೆ ನಡೆಯುವ ಈ ಪದ್ಧತಿ ನ್ಯಾಯವಾದದ್ದಲ್ಲ. ಮನೆಯಲ್ಲಿ ಮೊದಲ ಬಾರಿಗೆ ಓದಿದವರಿಗೆ ಫೋನ್ ಮಾಡಿಕೊಡುವ ಚಿಕ್ಕಪ್ಪ ಇರುವುದಿಲ್ಲ. ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಒಂದೇ ಕ್ರಮದಲ್ಲಿ ಕೇಳುವ ಸಂದರ್ಶನ, ಬಾಯಿಗೆ ಬಂದದ್ದನ್ನು ಕೇಳುವ ಸಂದರ್ಶನಕ್ಕಿಂತ ಒಳ್ಳೆಯ ಕೆಲಸಗಾರರನ್ನು ಗುರುತಿಸುತ್ತದೆ ಎಂದು ಸಂಶೋಧಕರು ದಶಕಗಳಿಂದ ಹೇಳುತ್ತಲೇ ಇದ್ದಾರೆ, ಅದನ್ನು ನಾನೂ ನಂಬುತ್ತೇನೆ. ಆದರೆ ನಾಳೆ ನೀವು ಹೋಗಿ ನಿಲ್ಲುವ ಗೇಟಿನಲ್ಲಿ ಆ ಕ್ರಮ ಇರುವುದಿಲ್ಲವಾದ್ದರಿಂದ, ಇರುವುದನ್ನೇ ಎದುರಿಸಬೇಕಾಗುತ್ತದೆ.

ಅಲ್ಲಿ ಮೊದಲು ಬರುವ ಪ್ರಶ್ನೆ "ನಿಮ್ಮ ಬಗ್ಗೆ ಹೇಳಿ" ಎಂಬುದಲ್ಲ. "ಯಾವ ಊರು? ಯಾವ ಕಡೆಯವರು? ಅಪ್ಪ ಏನು ಮಾಡ್ತಾರೆ?" ಇವು. ಕೆಲವರು ಇದರಲ್ಲಿ ಜಾತಿ ಹುಡುಕುತ್ತಾರೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಹೆಚ್ಚಿನವರು ಹುಡುಕುವುದು ಬೇರೆ: ಈ ಹುಡುಗ ನಿಲ್ಲುತ್ತಾನೆಯೇ, ಹಬ್ಬಕ್ಕೆ ಊರಿಗೆ ಹೋದವನು ತಿರುಗಿ ಬರುತ್ತಾನೆಯೇ, ಎರಡನೇ ಶಿಫ್ಟ್ ಮುಗಿದಾಗ ಎಲ್ಲಿಗೆ ಹೋಗುತ್ತಾನೆ. ಉತ್ತರ ಈ ಎರಡನೆಯ ಪ್ರಶ್ನೆಗೆ ಇರಲಿ. "ಸಿರಾ ಹತ್ತಿರ ಸರ್. ಈಗ ದಾಸರಹಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದೇನೆ, ಸೆಕೆಂಡ್ ಶಿಫ್ಟ್ ಬಿಟ್ಟರೂ ನಡೆದೇ ಹೋಗಬಹುದು" ಎಂದರೆ ಊರಿನ ಪ್ರಶ್ನೆ ಅಲ್ಲಿಗೆ ಮುಗಿದು ಕೆಲಸದ ಮಾತು ಶುರುವಾಗುತ್ತದೆ. ಹುಡುಗಿಯರಿಗೆ "ಮದುವೆ ಯಾವಾಗ?" ಎಂಬುದು ತಪ್ಪುವುದಿಲ್ಲ. "ಸದ್ಯಕ್ಕೆ ಕೆಲಸದ ಯೋಚನೆ ಮಾತ್ರ ಸರ್, ಶಿಫ್ಟ್ ಹೇಗಿರುತ್ತದೆ?" ಎಂದು ಪ್ರಶ್ನೆಯನ್ನು ಅವರ ಕೈಗೇ ಕೊಟ್ಟುಬಿಡಿ. ಇದಕ್ಕಿಂತ ಹೆಚ್ಚು ವಿವರಣೆಯನ್ನು ಯಾರಿಗೂ ಕೊಡಬೇಕಾಗಿಲ್ಲ. ಸಂಜೆ ಹೊತ್ತು ಲಾಡ್ಜಿಗೋ ಮನೆಗೋ ಬಾ ಎಂದು ಕರೆದರೆ ಹೋಗಬೇಡಿ, ಕಾರ್ಖಾನೆಗೆ ಹಗಲು ಬರುತ್ತೇನೆ ಎನ್ನಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯ ಪ್ರಕಾರ ದೂರು ಕೊಡಲು ನೀವು ಅಲ್ಲಿನ ಉದ್ಯೋಗಿಯೇ ಆಗಿರಬೇಕೆಂದಿಲ್ಲ. ಕೆಲಸ ಕೇಳಿಕೊಂಡು ಹೋದವಳಿಗೂ ಅದರ ರಕ್ಷಣೆಯಿದೆ.

ಇನ್ನು ಫೋನು. ನೀವು ತುಮಕೂರಿನಿಂದ ಬರುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದೀರಿ, ಗುರುತಿಲ್ಲದ ನಂಬರಿನಿಂದ ಕರೆ ಬರುತ್ತದೆ, ಆ ಕಡೆಯವರು ಕಂಪನಿಯ ಹೆಸರನ್ನು ಗಡಿಬಿಡಿಯಲ್ಲಿ ಹೇಳಿ "ಟೂಲ್ ಆಫ್‌ಸೆಟ್ ಅಂದರೇನು?" ಎಂದು ಕೇಳಿಯೇ ಬಿಡುತ್ತಾರೆ. ಹೆಚ್ಚಿನ ಹುಡುಗರು ಅದೇ ಗದ್ದಲದಲ್ಲಿ ಕೂಗಿ ಉತ್ತರಿಸಲು ಹೋಗಿ ಕೆಡಿಸಿಕೊಳ್ಳುತ್ತಾರೆ. ಸಮಯ ಕೇಳುವುದು ಅವಮಾನವಲ್ಲ, ಆದರೆ ಹೊತ್ತನ್ನು ನಿಖರವಾಗಿ ಹೇಳಬೇಕು: "ಸರ್, ಬಸ್ಸಿನಲ್ಲಿದ್ದೇನೆ, ಹನ್ನೊಂದೂವರೆಗೆ ಇಳಿಯುತ್ತೇನೆ, ಹನ್ನೊಂದು ಮುಕ್ಕಾಲಿಗೆ ನಾನೇ ಮಾಡಲೇ?" 'ಆಮೇಲೆ ಮಾಡ್ತೀನಿ' ಎಂದವನನ್ನು ಅವರು ಮರೆಯುತ್ತಾರೆ. ಹನ್ನೊಂದು ಮುಕ್ಕಾಲಿಗೆ ಸರಿಯಾಗಿ ಮಾಡಿದವನ ಬಗ್ಗೆ, ಅವನು ಉತ್ತರ ಹೇಳುವ ಮೊದಲೇ ಅವರಿಗೆ ಒಂದು ವಿಷಯ ತಿಳಿದಿರುತ್ತದೆ. ನಲವತ್ತು ಕಡೆ ಅರ್ಜಿ ಹಾಕಿದವನಿಗೆ ಯಾವುದು ಯಾವ ಕಂಪನಿ ಎಂಬುದು ನೆನಪಿರುವುದಿಲ್ಲ, ಹಾಗಾಗಿ ಕಂಪನಿ, ಹುದ್ದೆ, ಅರ್ಜಿ ಹಾಕಿದ ದಿನ ಇಷ್ಟನ್ನು ಬರೆದ ಒಂದು ಚಿಕ್ಕ ಪುಸ್ತಕ ಜೇಬಿನಲ್ಲಿರಲಿ. ಆ ಕಡೆಯವರು ಇಂಗ್ಲಿಷಿಗೆ ಹೊರಳಿದರೆ ಗಾಬರಿಯಾಗದೆ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಹೇಳಿ, ಸಿಕ್ಕಿಕೊಂಡಲ್ಲಿ "ಇದನ್ನು ಕನ್ನಡದಲ್ಲಿ ಹೇಳಬಹುದೇ?" ಎಂದು ಕೇಳಿ. ಶಾಪ್ ಫ್ಲೋರಿನಲ್ಲಿ ಕನ್ನಡ, ಹಿಂದಿ, ತಮಿಳು ಎಲ್ಲವೂ ಓಡುತ್ತವೆ, ಅಲ್ಲಿ ಬೇಕಾಗಿರುವುದು ಡ್ರಾಯಿಂಗ್ ಓದಬಲ್ಲವರು.

ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವುದು ಕಚೇರಿಯ ಸಂದರ್ಶನದಲ್ಲಿ ಒಮ್ಮೊಮ್ಮೆ ದಾಟಿಹೋಗಬಹುದು. ಮಷೀನಿನ ಪಕ್ಕದಲ್ಲಿ ಅದು ಎರಡು ನಿಮಿಷವೂ ಬಾಳುವುದಿಲ್ಲ, ಏಕೆಂದರೆ ಮುಂದಿನ ಮಾತು "ಹಾಗಾದರೆ ಮಾಡಿ ತೋರಿಸಿ" ಎಂಬುದೇ.

ಸಂಬಳದ ಮಾತೂ ಹೀಗೆಯೇ, ಹೊರಡುವಾಗ ಬಾಗಿಲಲ್ಲಿ ನಿಂತು ಕೇಳುತ್ತಾರೆ: "ಎಷ್ಟು ಎಕ್ಸ್‌ಪೆಕ್ಟ್ ಮಾಡ್ತೀರಿ?" ಬಾಯಿಗೆ ಬಂದ ಅಂಕಿ ಹೇಳುವ ಮೊದಲು ಅವರು ಆಡುತ್ತಿರುವುದು ಸಿಟಿಸಿಯ, ಎಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚಿನ ಮಾತೋ ಕೈಗೆ ಬರುವುದರ ಮಾತೋ ಎಂದು ತಿಳಿದುಕೊಳ್ಳಿ. ಲೆಕ್ಕಕ್ಕೆಂದು ನಿಮ್ಮ ಮೂಲ ಸಂಬಳ 15,000 ರೂಪಾಯಿ, ಬೇರೆ ಭತ್ಯೆ ಇಲ್ಲ ಎಂದಿಟ್ಟುಕೊಳ್ಳಿ. ಭವಿಷ್ಯನಿಧಿಗೆ (ಪಿಎಫ್) ನಿಮ್ಮ ಪಾಲು ಶೇ. 12, ಅಂದರೆ 1,800 ರೂಪಾಯಿ. ನೌಕರರ ಆರೋಗ್ಯ ವಿಮೆಯಾದ ಇಎಸ್‌ಐಗೆ ಶೇ. 0.75, ಸುಮಾರು 113. ಕೈಗೆ ಬರುವುದು 13,087. ಕಂಪನಿ ತನ್ನ ಪಾಲಿನ 1,800ನ್ನೂ, ಇಎಸ್‌ಐಗೆ ಶೇ. 3.25ರಂತೆ ಸುಮಾರು 488ನ್ನೂ ಸೇರಿಸಿ 17,288 ಎಂದು ಹೇಳುತ್ತದೆ. ಎರಡೂ ಸುಳ್ಳಲ್ಲ. ಆದರೆ ರೂಮಿನ ಬಾಡಿಗೆ ಕಟ್ಟುವುದು ಮೊದಲನೆಯದರಲ್ಲಿ, ಆದ್ದರಿಂದ "ಪಿಎಫ್, ಇಎಸ್‌ಐ ಹಿಡಿದ ಮೇಲೆ ಕೈಗೆ ಎಷ್ಟು ಬರುತ್ತದೆ ಸರ್?" ಎಂದು ಕೇಳಲು ಸಂಕೋಚ ಬೇಡ. ಪಿಎಫ್ ಇಲ್ಲವೇ ಇಲ್ಲ ಎಂದರೆ ಅದನ್ನೂ ಬರೆದಿಟ್ಟುಕೊಳ್ಳಿ.

ಮಾತು ಬಾಯಲ್ಲಿ ಮುಗಿದರೂ ನೇಮಕಾತಿ ಪತ್ರ ಕೇಳಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನೇಮಕಾತಿ ಪತ್ರ ಕೊಡುವುದನ್ನು ಮಾಲೀಕರ ಕರ್ತವ್ಯವೆಂದೇ ಹೇಳಲಾಗಿದೆ. ಮೂಲ ಅಂಕಪಟ್ಟಿಯನ್ನು ತೋರಿಸಿ, ಜೆರಾಕ್ಸ್ ಕೊಡಿ, ಮೂಲವನ್ನು ಬಿಟ್ಟುಬರಬೇಡಿ. ಅದನ್ನು ಬಿಡಿಸಿಕೊಳ್ಳಲು ಆರು ತಿಂಗಳು ಅಲೆದ ಹುಡುಗನೊಬ್ಬನನ್ನು ನಾನು ಬಲ್ಲೆ. ಐಡಿ ಕಾರ್ಡಿಗೆ, ಯೂನಿಫಾರಂಗೆ, ತರಬೇತಿಗೆ ಎಂದು ಮೊದಲೇ ದುಡ್ಡು ಕೇಳಿದರೆ ಅದು ಸಂದರ್ಶನವೇ ಅಲ್ಲ, ವ್ಯಾಪಾರ. ಫೋನಿನಲ್ಲಿ 'ಆಯ್ಕೆಯಾಗಿದ್ದೀರಿ' ಎಂದು ಹೇಳಿ ಹಣ ಹಾಕಿಸಿಕೊಂಡಿದ್ದರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ. ಸೈಬರ್ ವಂಚನೆಯ ದೂರಿಗೆ ಇರುವ ರಾಷ್ಟ್ರೀಯ ಸಹಾಯವಾಣಿ ಅದು, ಬೇಗ ಮಾಡಿದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು.

ಆಮೇಲೆ ಅಂದೇ ಸಂಜೆ ಒಂದು ವಾಟ್ಸ್‌ಆ್ಯಪ್ ಸಂದೇಶ ಕಳಿಸಿ. ಕಾರಣ, ಹುದ್ದೆ ಇನ್ನೂ ಕಾಗದದ ಮೇಲೆ ಇಲ್ಲದ ಕಡೆ ನಿಮ್ಮ ಈ ನಾಲ್ಕು ಸಾಲೇ ಅದರ ಮೊದಲ ಕಾಗದ. "ನಮಸ್ಕಾರ ಸರ್, ಬೆಳಿಗ್ಗೆ ಹನ್ನೊಂದಕ್ಕೆ ಬಂದಿದ್ದ ಡಿಪ್ಲೊಮಾ ಹುಡುಗ. ಬೋರ್ ಅಳತೆಯಲ್ಲಿ ರಿಜೆಕ್ಷನ್ ಬರುತ್ತಿದೆ ಎಂದಿರಿ. ಬೋರ್ ಗೇಜಿನಲ್ಲಿ ಅಳೆದು ರಿಪೋರ್ಟ್ ಬರೆಯುವುದು ನನಗೆ ಬರುತ್ತದೆ. ಕೈಗೆ ಹದಿಮೂರೂವರೆ ಸಾವಿರ, ಎರಡೂ ಶಿಫ್ಟ್ ಎಂದು ಮಾತಾಗಿತ್ತು." (ಬೋರ್ ಎಂದರೆ ಬಿಡಿಭಾಗದಲ್ಲಿ ಕೊರೆದ ರಂಧ್ರ.) ಹೆಸರು, ಫೋನ್ ನಂಬರ್, ಅಷ್ಟೇ. ಗುಡ್ ಮಾರ್ನಿಂಗ್ ಹೂವಿನ ಚಿತ್ರ ಬೇಡ. ಒಂದು ವಾರ ಬಿಟ್ಟು ಒಮ್ಮೆ ಫೋನ್ ಮಾಡಿ, ಆಗಲೂ ಉತ್ತರ ಬಾರದಿದ್ದರೆ ಮುಂದಿನ ಗೇಟಿಗೆ ನಡೆಯಿರಿ.

ಮೇಜಿನ ಮೇಲೆ ಒಂದು ವರ್ನಿಯರನ್ನೂ ನಾಲ್ಕು ಶಾಫ್ಟುಗಳನ್ನೂ ತಂದಿಟ್ಟಿದ್ದೇನೆ. ಪ್ರಶ್ನೆ ಕೇಳುವವರು ಮುಂದೆ ಬಂದು, ಒಂದನ್ನು ಅಳೆಯುತ್ತಲೇ ಕೇಳಬಹುದು.