ಹೆಸರು ಹಿಡಿದು ಹೇಳುವ ವಂದನೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕ್ರೈಸ್ತರ ದಿನನಿತ್ಯದ ಬದುಕಿನಲ್ಲಿ ಕೃತಜ್ಞತೆ, ಸಂತೋಷ ಮತ್ತು ವಿಶ್ವಾಸ ಎಂಬ ಮೂರು ವಿಷಯಗಳ ಬಗ್ಗೆ ಹದಿನೈದು ನಿಮಿಷ ಮಾತನಾಡಬೇಕೆಂದು ರೇಡಿಯೊ ನಿಲಯದವರು ಕೇಳಿಕೊಂಡಿದ್ದಾರೆ. ಮೂವತ್ತೆರಡು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿ, ಭಾನುವಾರಗಳಂದು ಚರ್ಚಿನ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಟ್ಟ ನನಗೆ ಒಂದು ಚಾಳಿ ಅಂಟಿಕೊಂಡಿದೆ. ಮೂರು ವಿಷಯ ಕೊಟ್ಟರೂ ಒಂದನ್ನೇ ಹಿಡಿದು ಜಗ್ಗುತ್ತೇನೆ. ಆ ಒಂದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನೀವು ಈಗ ತೆಂಗಿನಕಾಯಿ ತುರಿಯುತ್ತಿರಬಹುದು, ಜಗಲಿಯಲ್ಲಿ ತಡ್ಪೆಯನ್ನು, ಅಂದರೆ ಮೊರವನ್ನು, ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿರಬಹುದು, ರಿಕ್ಷಾದಲ್ಲಿ ಕುಳಿತು ಬಾಡಿಗೆಗೆ ಕಾಯುತ್ತಿರಬಹುದು. ಕೊನೆಯವರೆಗೂ ಕೇಳಲು ಎಲ್ಲರಿಗೂ ಪುರುಸೊತ್ತು ಇರಲಾರದು. ನಾನು ಹೇಳಬೇಕಾದದ್ದು ಇಷ್ಟೇ: ದೇವರಿಗೆ ವಂದನೆ ಸಲ್ಲಿಸುವಾಗ ಹೆಸರು ಹಿಡಿದು ಸಲ್ಲಿಸಿರಿ. ಇಂಥದ್ದು ಸಿಕ್ಕಿತು, ಇಂಥವರ ಕೈಯಿಂದ ಸಿಕ್ಕಿತು ಎಂದು ಬಾಯಿಬಿಟ್ಟು ಹೇಳಿರಿ.

ಕೃತಜ್ಞತೆ ಎಂಬುದು ಎದೆ ತುಂಬಿ ಬರುವ ಒಂದು ಭಾವನೆಯೆಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಭಾವನೆ ಬಂದರೆ ಕೃತಜ್ಞತೆ, ಬಾರದಿದ್ದರೆ ನಮ್ಮ ತಪ್ಪೇನೂ ಇಲ್ಲವೆಂಬಂತೆ ಇರುತ್ತಾರೆ. ಶಬ್ದವನ್ನೇ ಬಿಡಿಸಿ ನೋಡಿ. 'ಕೃತ' ಎಂದರೆ ಮಾಡಿದ್ದು, 'ಜ್ಞ' ಎಂದರೆ ಅರಿತವನು. ತನಗಾಗಿ ಮಾಡಿದ್ದನ್ನು ಅರಿತವನೇ ಕೃತಜ್ಞ. ಅಲ್ಲಿ ಎದೆ ತುಂಬುವ ಪ್ರಸ್ತಾಪವೇ ಇಲ್ಲ, ಏನು ಮಾಡಿದರು ಮತ್ತು ಯಾರು ಮಾಡಿದರು ಎಂಬ ತಿಳಿವಳಿಕೆ ಇದೆ. ಮಂಗಳೂರಿನ ಕಡೆಯ ಕೊಂಕಣಿ ಕ್ರೈಸ್ತರು ಉಪಕಾರ ಮಾಡಿದವರಿಗೆ 'ದೇವ್ ಬರೆಂ ಕರುಂ' ಎನ್ನುತ್ತೇವೆ, ಅಂದರೆ ದೇವರು ನಿಮಗೆ ಒಳಿತು ಮಾಡಲಿ ಎಂದು. ಕನ್ನಡದಲ್ಲಿಯೂ ಹಿರಿಯರು 'ನಿನ್ನ ಹೊಟ್ಟೆ ತಣ್ಣಗಿರಲಿ' ಎನ್ನುತ್ತಿದ್ದರಲ್ಲ, ಅದೂ ಇದೇ ಜಾತಿಯ ಮಾತು. ಎರಡರಲ್ಲಿಯೂ ಎದುರಿಗೆ ಒಬ್ಬ ಮನುಷ್ಯ ಇರಲೇಬೇಕು. ಗಾಳಿಗೆ ಹೇಳಲು ಬರುವುದಿಲ್ಲ.

ನಾವಾದರೋ ಗಾಳಿಗೇ ಹೇಳುವುದನ್ನು ರೂಢಿಮಾಡಿಕೊಂಡಿದ್ದೇವೆ. 'ಎಲ್ಲ ದೇವರ ದಯೆ' ಎಂಬ ಮಾತನ್ನು ವಾಕ್ಯದ ನಡುವೆ ಅಲ್ಪವಿರಾಮದಂತೆ ಹಾಕುತ್ತೇವೆ. ಬೆಳಗಾದರೆ ಮೊಬೈಲಿನಲ್ಲಿ ಗುಲಾಬಿ ಹೂವಿನ ಚಿತ್ರದೊಂದಿಗೆ ಸ್ತೋತ್ರದ ಸಂದೇಶ ಬರುತ್ತದೆ, ಅದನ್ನು ಓದದೆಯೇ ಇನ್ನೂ ಇಪ್ಪತ್ತು ಮಂದಿಗೆ ದಾಟಿಸುತ್ತೇವೆ. ಚರ್ಚಿನ ವಾರ್ಷಿಕ ಹಬ್ಬದ ವಂದನಾರ್ಪಣೆಯಲ್ಲಿ ವೇದಿಕೆಯ ಮೇಲಿದ್ದವರ ಹೆಸರುಗಳನ್ನು ಬಿರುದು ಸಮೇತ ಓದಿ, ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಪಾತ್ರೆ ತೊಳೆದವರನ್ನು 'ಮತ್ತು ಇತರ ಎಲ್ಲರಿಗೂ' ಎಂಬ ಒಂದು ಚೀಲದೊಳಗೆ ತುಂಬುತ್ತೇವೆ. ಆ 'ಇತರ' ಎಂಬ ಪದ ಕೇಳಿದಾಗಲೆಲ್ಲ ನನಗೆ ಕುಳಿತಲ್ಲಿ ಕೂರಲು ಆಗುವುದಿಲ್ಲ. ಕ್ಷಮಿಸಿ, ಮೇಷ್ಟರ ಧ್ವನಿ ಏರಿತು.

ನನಗೆ ಈ ಪಾಠ ಕಲಿಸಿದವರು ನನ್ನ ಅಜ್ಜಿ. ಬಂಟ್ವಾಳದ ಕೆಳಗೆ, ನೇತ್ರಾವತಿಯ ದಡದಲ್ಲಿ ನಮ್ಮ ಮಣ್ಣಿನ ಗೋಡೆಯ ಮನೆಯಿತ್ತು. ಸಂಜೆ ಏಳು ಗಂಟೆಗೆ, ಕೊಂಕಣಿಯಲ್ಲಿ ನಾವು ತೇರ್ಸ್ ಎಂದು ಕರೆಯುವ ಜಪಸರದ ಪ್ರಾರ್ಥನೆ. ಅದು ಮುಗಿದ ಮೇಲೆ ಮಕ್ಕಳು ಸಾಲಾಗಿ ಹಿರಿಯರ ಮುಂದೆ ಕೈಮುಗಿದು ಬೆಸಾಂವ್, ಎಂದರೆ ಆಶೀರ್ವಾದ, ಕೇಳುವುದು ಎಲ್ಲ ಮನೆಗಳ ಪದ್ಧತಿ. ನಮ್ಮ ಮನೆಯಲ್ಲಿ ಅಜ್ಜಿ ಅದಕ್ಕೆ ಒಂದು ಕಟ್ಟಳೆ ಸೇರಿಸಿದ್ದರು: ಆ ದಿನ ದೇವರಿಂದ ಪಡೆದ ಒಂದು ಉಪಕಾರವನ್ನು, ಅದು ಯಾರ ಕೈಯಿಂದ ಬಂತೆಂಬುದರ ಸಮೇತ, ಹೇಳಿದ ಮೇಲೆಯೇ ಆಶೀರ್ವಾದ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ. ಎಂಟು ವರ್ಷದವನಿದ್ದಾಗ ಒಂದು ಸಂಜೆ ಒಲೆಯ ಮೇಲಿನ ಬಂಗುಡೆ ಸಾರಿನ ವಾಸನೆಗೆ ಮನಸೋತು, "ಎಲ್ಲದಕ್ಕೂ ದೇವರಿಗೆ ವಂದನೆ" ಎಂದು ಒಂದೇ ಉಸಿರಿಗೆ ಹೇಳಿ ತಟ್ಟೆಯ ಕಡೆಗೆ ಓಡಿದೆ. ಅಜ್ಜಿ ಹಿಂದಿನಿಂದ ನನ್ನ ಅಂಗಿ ಹಿಡಿದು ನಿಲ್ಲಿಸಿದರು. "ಎಲ್ಲದಕ್ಕೂ ಅಂದರೆ ಯಾವುದಕ್ಕೆ, ಪುತಾ? ಒಂದನ್ನು ತೋರಿಸು ನೋಡೋಣ." ತೋರಿಸಲು ನನ್ನಲ್ಲಿ ಒಂದೂ ಇರಲಿಲ್ಲ. ಎಲ್ಲರೂ ಊಟಕ್ಕೆ ಕುಳಿತರು, ನಾನು ಗೋಡೆಗೊರಗಿ ನಿಂತೆ. ಸಾರು ಆರುವ ಹೊತ್ತಿಗೆ, ಬೆಳಿಗ್ಗೆ ಶಾಲೆಯಲ್ಲಿ ನನ್ನ ಬಳಪ ಕಳೆದುಹೋದಾಗ ತನ್ನದನ್ನು ಹಲ್ಲಿನಲ್ಲಿ ಕಚ್ಚಿ ಎರಡು ತುಂಡು ಮಾಡಿ, ಉದ್ದದ ತುಂಡನ್ನೇ ನನಗೆ ಕೊಟ್ಟಿದ್ದ ಪಕ್ಕದ ಹುಡುಗ ನೆನಪಾದ. ಹೆಸರು ಹೇಳಿದೆ, ಬೆಸಾಂವ್ ಸಿಕ್ಕಿತು, ಸಾರೂ ಸಿಕ್ಕಿತು.

ಎರಡು ವರ್ಷಗಳ ಬಳಿಕ, 1974ರ ಜುಲೈಯಲ್ಲಿ, ನೇತ್ರಾವತಿ ಉಕ್ಕಿ ಬಂದಳು. 1923ರ ದೊಡ್ಡ ನೆರೆಯನ್ನು ಹುಡುಗಿಯಾಗಿದ್ದಾಗ ಕಂಡಿದ್ದ ಅಜ್ಜಿ, ನೀರು ಅಂಗಳದ ಶಿಲುಬೆಯ ಕಟ್ಟೆಯನ್ನು ಮುಟ್ಟಿದ ಕೂಡಲೇ ಬಟ್ಟೆಯ ಗಂಟು ಕಟ್ಟಿಸಿದರು. ನಮ್ಮನ್ನು ಎರಡು ಸರದಿಯಲ್ಲಿ ದೋಣಿಯಲ್ಲಿ ಕುಳ್ಳಿರಿಸಿ ಆಚೆ ದಾಟಿಸಿದವರು ಮರಳು ಸಾಗಿಸುತ್ತಿದ್ದ ಒಬ್ಬ ಬ್ಯಾರಿ, ಅಂದರೆ ಕರಾವಳಿಯ ಮುಸ್ಲಿಂ, ಗೃಹಸ್ಥರು. ಅವರ ಹೆಸರನ್ನು ರೇಡಿಯೊದಲ್ಲಿ ಹೇಳಿಸಿಕೊಳ್ಳಲು ಅವರ ಮಕ್ಕಳಿಗೆ ಸಂಕೋಚ, ಆದ್ದರಿಂದ ಇಲ್ಲಿ ಹೇಳುವುದಿಲ್ಲ. ನಮ್ಮ ಮನೆಯ ಪ್ರಾರ್ಥನೆಯಲ್ಲಿ ಅದು ಇಂದಿಗೂ ಇದೆ. ಬೆಳಗಾಗುವಷ್ಟರಲ್ಲಿ ನಮ್ಮ ಮನೆಯ ಗೋಡೆಗಳು ಕರಗಿ ಕುಸಿದಿದ್ದವು. ಗುಡ್ಡದ ಮೇಲಿನ ಶಾಲೆಯ ಜಗಲಿಯಲ್ಲಿ, ಒದ್ದೆ ಬಟ್ಟೆಯಲ್ಲೇ ಜಪಸರ ಮುಗಿಸಿ, ಅಜ್ಜಿ ಎಂದಿನಂತೆ ನಮ್ಮ ಕಡೆ ತಿರುಗಿದರು. ಅಮ್ಮ ದೋಣಿಯವರ ಹೆಸರು ಹೇಳಿದರು. ನನ್ನ ತಂಗಿ ತನಗೆ ಬೆಲ್ಲದ ಚೂರು ಕೊಟ್ಟ ಯಾರದೋ ಅಜ್ಜಿಯನ್ನು ಬೊಟ್ಟುಮಾಡಿ ತೋರಿಸಿದಳು. ಅಪ್ಪನ ಸರದಿ ಬಂತು. ಅಪ್ಪ ಬಾಯಿ ತೆರೆಯಲಿಲ್ಲ.

ಅದಕ್ಕೆ ಕಾರಣವಿತ್ತು. ಏಣೆಲು ಎಂಬ ಮಳೆಗಾಲದ ಭತ್ತದ ಬೆಳೆಯ ನೇಜಿ, ಅಂದರೆ ಸಸಿ, ನೆಟ್ಟು ಇನ್ನೂ ತಿಂಗಳಾಗಿರಲಿಲ್ಲ. ಭೂಸುಧಾರಣೆಯ ಹೊಸ ಕಾನೂನು ಜಾರಿಗೆ ಬಂದ ವರ್ಷವದು, ಗೇಣಿಯ ಗದ್ದೆ ಇನ್ನು ತನ್ನದಾಗುತ್ತದೆಂಬ ಆಸೆಯಿಂದ ಅಪ್ಪ ಎಂದಿಗಿಂತ ಹೆಚ್ಚು ಗೊಬ್ಬರ ಹಾಕಿದ್ದರು. ನೀರಿಳಿದಾಗ ಗದ್ದೆಯ ಮೇಲೆ ಮೊಣಕಾಲಿನಷ್ಟು ಮರಳು ನಿಂತಿತ್ತು. ಮುಂದಿನ ಆರು ವಾರ ಅಪ್ಪ ಪ್ರಾರ್ಥನೆಗೆ ಕುಳಿತರು, ಜಪಮಣಿ ಉರುಳಿಸಿದರು, ತಮ್ಮ ಸರದಿ ಬಂದಾಗ ನೆಲ ನೋಡಿದರು. ಮಕ್ಕಳನ್ನು ಬಿಡದ ಅಜ್ಜಿ ಮಗನನ್ನು ಒತ್ತಾಯಿಸಲಿಲ್ಲ. ಅವರ ಮುಂದೆ ಒಂದು ಗಳಿಗೆ ಕಾದು ಮುಂದಿನವರ ಕಡೆಗೆ ತಿರುಗುತ್ತಿದ್ದರು, ಅಷ್ಟೇ.

ಸೆಪ್ಟೆಂಬರ್ 8 ಬಂತು. ಅಂದು ಮಾತೆ ಮರಿಯಮ್ಮನವರ ಜನ್ಮದಿನ, ಕರಾವಳಿಯ ಕಥೋಲಿಕರಿಗೆ ತೆನೆ ಹಬ್ಬ. ಮೊಂತಿ ಹಬ್ಬವೆಂದರೆ ನಿಮಗೆ ಬೇಗ ತಿಳಿಯುತ್ತದೆ. ಫರಂಗಿಪೇಟೆಯಲ್ಲಿ ಗುಡ್ಡದ ಮೇಲಿರುವ ಮೊಂತೆ ಮರಿಯಾನೊ ಚರ್ಚಿನಲ್ಲಿ 1763ರಲ್ಲಿ ಗೋವೆಯ ಧರ್ಮಗುರು ಜೋಕಿಂ ಮಿರಾಂದಾ ಅವರು ಇದನ್ನು ಆರಂಭಿಸಿದರೆಂದು ಹೇಳಿಕೊಂಡು ಬಂದಿದ್ದಾರೆ. ಪೋರ್ಚುಗೀಸ್ ಭಾಷೆಯಲ್ಲಿ ಮೊಂತೆ ಎಂದರೆ ಗುಡ್ಡ. ಒಂಬತ್ತು ದಿನ ಮಕ್ಕಳು ಬುಟ್ಟಿಗಳಲ್ಲಿ ಹೂವು ತಂದು ಬಾಲ ಮರಿಯಮ್ಮನ ಪ್ರತಿಮೆಗೆ ಎರಚುತ್ತಾರೆ, ಹಬ್ಬದ ದಿನ ಧರ್ಮಗುರುಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ, ಆ ತೆನೆಯ ಕಾಳು ಸುಲಿದು ಪುಡಿಮಾಡಿ ಪಾಯಸಕ್ಕೋ ಹಾಲಿಗೋ ಬೆರೆಸಿ ಇಡೀ ಕುಟುಂಬ ಸೇವಿಸುತ್ತದೆ. ವರ್ಷವಿಡೀ ಮೀನು ಬಿಡದ ನಾವು ಅಂದು ಬಾಳೆಯೆಲೆಯಲ್ಲಿ ಬರೀ ತರಕಾರಿ ಉಣ್ಣುತ್ತೇವೆ. ಊರಿಗೆ ಬರಲಾಗದೆ ದುಬೈಯಲ್ಲೋ ಮುಂಬೈಯಲ್ಲೋ ಉಳಿದ ಮಕ್ಕಳಿಗೆ ಎರಡು ಕಾಳನ್ನು ಕಾಗದದಲ್ಲಿ ಮಡಿಸಿ ಕಳುಹಿಸುವ ತಾಯಂದಿರು ಈಗಲೂ ಇದ್ದಾರೆ.

ಆ ವರ್ಷ ನದಿಬದಿಯ ಬಯಲು ಗದ್ದೆಗಳಲ್ಲಿ ತೆನೆಯೆಂಬುದೇ ಇರಲಿಲ್ಲ. ಎಲ್ಲೋ ಎತ್ತರದ ಬೆಟ್ಟು ಗದ್ದೆಯಿಂದ ಯಾರೋ ಕೊಯ್ದು ತಂದ, ಇನ್ನೂ ಹಾಲು ತುಂಬಿದ್ದ ತೆನೆಗಳನ್ನು ಚರ್ಚಿನಲ್ಲಿ ಹಂಚಿದರು. ಅಪ್ಪ ತಮ್ಮ ಪಾಲಿನ ಒಂದು ತೆನೆಯನ್ನು ಕೈಯಲ್ಲಿ ಹಿಡಿದು, ಉದ್ದಕ್ಕೂ ಅದನ್ನೇ ತಿರುಗಿಸಿ ನೋಡುತ್ತಾ ನಡೆದು ಬಂದರು. ಆ ಸಂಜೆ ಅವರ ಸರದಿ ಬಂದಾಗ ಅಜ್ಜಿ ಎಂದಿನಂತೆ ಕಾದರು. ಅಪ್ಪ ಗಂಟಲು ಸರಿಮಾಡಿಕೊಂಡು ಹೇಳಿದರು: "ಈ ತೆನೆ ಯಾರ ಗದ್ದೆಯದೆಂದು ನನಗೆ ಗೊತ್ತಿಲ್ಲ. ಕೇಳಿಕೊಂಡು ಬಂದು ನಾಳೆ ಹೇಳುತ್ತೇನೆ."

ಮರುದಿನ ಬೆಳಿಗ್ಗೆ ಹೊರಟವರು ಕತ್ತಲಾಗುವಾಗ ಹಿಂದಿರುಗಿದರು. ಹೆಸರು ತಂದಿದ್ದರು. ಜೊತೆಗೆ ಒಂದು ಮುಳ್ಳುಸೌತೆಯನ್ನೂ ತಂದಿದ್ದರು, ಹುಡುಕಿಕೊಂಡು ಬಂದವರನ್ನು ಬರಿಗೈಯಲ್ಲಿ ಕಳುಹಿಸಲು ಆ ಮನೆಯವರಿಗೆ ಮನಸ್ಸಾಗಿರಲಿಲ್ಲ.

ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೊಲಾ ದಿನದ ಕೊನೆಯ ಆತ್ಮಪರಿಶೀಲನೆಯಲ್ಲಿ ಮೊದಲ ಹೆಜ್ಜೆಯಾಗಿ ವಂದನೆಯನ್ನೇ ಇಟ್ಟಿದ್ದಾರೆಂಬುದು, ತಪ್ಪುಗಳ ಲೆಕ್ಕವನ್ನು ಆಮೇಲಿಗೆ ಬಿಟ್ಟಿದ್ದಾರೆಂಬುದು ಅವರಿಗೆ ಗೊತ್ತಿರಲು ಸಾಧ್ಯವಿಲ್ಲ. ಆದರೂ ಅವರು ಮಾಡಿಸಿದ್ದು ಅದನ್ನೇ. ಪವಿತ್ರಗ್ರಂಥವನ್ನು ತೆರೆದರೂ ಇದೇ ಕಾಣುತ್ತದೆ. 136ನೆಯ ಕೀರ್ತನೆಯಲ್ಲಿ 26 ವಚನಗಳಿವೆ. ಸೂರ್ಯ, ಚಂದ್ರ, ಸಮುದ್ರ, ಮರುಭೂಮಿ ಎಂದು ಒಂದೊಂದು ಉಪಕಾರವನ್ನೂ ಬೇರೆ ಬೇರೆ ಹೇಳಿ, ಪ್ರತಿಯೊಂದಕ್ಕೂ ದೇವರ ಪ್ರೀತಿ ಶಾಶ್ವತವೆಂಬ ಪಲ್ಲವಿಯನ್ನು ಹೊಸದಾಗಿ ಸೇರಿಸುತ್ತಾರೆ. ಬೇಸರವಾಗುವಷ್ಟು ಸಲ ಸೇರಿಸುತ್ತಾರೆ, ಬೇಕೆಂದೇ. ಸಂತ ಪೌಲರು ರೋಮಿನವರಿಗೆ ಬರೆದ ಪತ್ರದ ಹದಿನಾರನೆಯ ಅಧ್ಯಾಯವನ್ನು ಓದುವಾಗ ಹೆಚ್ಚಿನವರು ಹಾರಿಸಿಬಿಡುತ್ತಾರೆ, ಅದು ಬರೀ ಹೆಸರುಗಳ ಪಟ್ಟಿಯೆಂದು. ದಯವಿಟ್ಟು ಹಾರಿಸಬೇಡಿ. ಫೊಯಿಬೆ, ಪ್ರಿಸ್ಕ, ಅಕ್ವಿಲ ಎಂದು ಹೇಳುತ್ತಾ ಹೋಗಿ, ರೂಫನ ತಾಯಿ ತನಗೂ ತಾಯಿಯಾಗಿದ್ದಳೆಂದು ಪೌಲರು ಅಲ್ಲಿ ಬರೆದಿದ್ದಾರೆ. ಎಲ್ಲಿ, ಯಾವಾಗ ಆ ತಾಯಿ ಅವರಿಗೆ ಊಟ ಹಾಕಿದಳೋ ಗೊತ್ತಿಲ್ಲ. ದೇವಶಾಸ್ತ್ರದ ಅಷ್ಟು ದೊಡ್ಡ ಪತ್ರದಲ್ಲಿ ಆಕೆಗೊಂದು ಸಾಲು ಸಿಕ್ಕಿತು.

ಇನ್ನು ಸಂತೋಷ. 1974ಕ್ಕೆ ಹೋದರೆ ನನಗೆ ಬೇಗ ಹಿಂದಿರುಗಿ ಬರಲು ಆಗುವುದಿಲ್ಲ, ಹಾಗಾಗಿ ಇದಕ್ಕೂ ವಿಶ್ವಾಸಕ್ಕೂ ಉಳಿದಿರುವುದು ಎರಡೇ ನಿಮಿಷ. ಯಾವಾಗಲೂ ಸಂತೋಷಿಸಿರಿ ಎಂದು ಪೌಲರು ಬರೆದದ್ದನ್ನು ಹಿಡಿದುಕೊಂಡು, ಕ್ರೈಸ್ತನಾದವನು ಸದಾ ಹಲ್ಲು ತೋರಿಸುತ್ತಿರಬೇಕೆಂದು ಬೋಧಿಸುವವರಿದ್ದಾರೆ. ಫಿಲಿಪ್ಪಿಯವರಿಗೆ ಪೌಲರು ಪತ್ರ ಬರೆದದ್ದು ಸೆರೆಯಲ್ಲಿದ್ದುಕೊಂಡು. ನಾಲ್ಕೇ ಅಧ್ಯಾಯದ ಆ ಪತ್ರದಲ್ಲಿ ಸಂತೋಷದ ಮಾತು ಮತ್ತೆ ಮತ್ತೆ ಬರುತ್ತದೆ, ಮತ್ತು ಅದೇ ಪತ್ರದ ಕೊನೆಯಲ್ಲಿ, ಎಪಫ್ರೊದೀತನ ಕೈಯಲ್ಲಿ ನೀವು ಕಳುಹಿಸಿದ್ದು ತಲುಪಿತೆಂದು ಹೆಸರು ಹಿಡಿದು ತಿಳಿಸುತ್ತಾರೆ. ನಮ್ಮ ಅಪ್ಪನೂ ಆ ಹಬ್ಬದ ದಿನ ನಗಲಿಲ್ಲ. ಮರುದಿನ ಆ ಹೆಸರನ್ನು ಹೇಳಿ ಊಟಕ್ಕೆ ಕುಳಿತವರು, ಹಬ್ಬದಿಂದ ಉಳಿದಿದ್ದ ಪಾಯಸವನ್ನು ಇನ್ನೊಂದು ಸೌಟು ಹಾಕೆಂದು ಅಮ್ಮನಿಗೆ ತಟ್ಟೆ ಚಾಚಿದರು. ಆರು ವಾರಗಳಲ್ಲಿ ಅವರು ಬಾಯಿಬಿಟ್ಟು ಕೇಳಿದ ಮೊದಲ ತುತ್ತು ಅದು. ನಾನು ಸಂತೋಷವೆಂದು ಕರೆಯುವುದು ಆ ಇನ್ನೊಂದು ಸೌಟನ್ನು.

ವಿಶ್ವಾಸದ ಬಗ್ಗೆ ಒಂದೇ ಮಾತು. ಅಂಜೂರ ಚಿಗುರದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಹಟ್ಟಿಯಲ್ಲಿ ದನವಿಲ್ಲದಿದ್ದರೂ ದೇವರಲ್ಲಿ ಹರ್ಷಿಸುತ್ತೇನೆಂದು ಹಬಕ್ಕೂಕ ಪ್ರವಾದಿ ಹೇಳಿದಾಗ ಅವನು ಇಲ್ಲದ್ದನ್ನೂ ಹೆಸರು ಹಿಡಿದೇ ಹೇಳಿದ. ಯೇಸುಸ್ವಾಮಿ ರೊಟ್ಟಿಯನ್ನು ಕೈಯಲ್ಲಿ ಹಿಡಿದು ವಂದನೆ ಸಲ್ಲಿಸಿದ್ದು ತಮ್ಮನ್ನು ಹಿಡಿದುಕೊಟ್ಟ ರಾತ್ರಿಯಲ್ಲಿ. ನಾವು ಪ್ರತಿ ಭಾನುವಾರ ಕೂಡಿ ಆಚರಿಸುವ ಯೂಕರಿಸ್ತ್ ಎಂಬ ಗ್ರೀಕ್ ಪದಕ್ಕೆ ವಂದನೆ ಎಂದೇ ಅರ್ಥ. ನೆರೆ ಬಂದ ರಾತ್ರಿ ಜಗಲಿಯಲ್ಲಿ ಸರದಿ ತಪ್ಪಿಸದ ಅಜ್ಜಿಯ ಹಟ ಎಲ್ಲಿಂದ ಬಂತೆಂದು ನಿಮಗೆ ಈಗ ತಿಳಿದಿರಬಹುದು.

ಪ್ರಾರ್ಥನೆಗೆ ಸಮಯವಿಲ್ಲ, ಮಕ್ಕಳಿಗೆ ಟ್ಯೂಷನ್ ಇದೆ, ಎಂಟು ಗಂಟೆಗೆ ಧಾರಾವಾಹಿ ಇದೆ ಎಂದು ನೀವು ಹೇಳುವಿರಿ. ಒಂದು ಹೆಸರು ಹೇಳಲು ಎಷ್ಟು ಹೊತ್ತು ಬೇಕು? ಜಾಹೀರಾತು ಬರುವಾಗ ಹೇಳಿ ಮುಗಿಸಬಹುದು.

ಇಲ್ಲಿಂದ ಮುಂದಿನ ನಾಲ್ಕು ಸಾಲುಗಳನ್ನು ನಾನು ಬಸ್ಸಿನಲ್ಲಿ ಕುಳಿತು ಪೆನ್ನಿನಿಂದ ಸೇರಿಸಿದ್ದೇನೆ. ಈ ಭಾಷಣವನ್ನು ನಿನ್ನೆ ನಮ್ಮ ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಟೈಪು ಮಾಡಿಸಿದೆ. ಅಲ್ಲಿನ ಹುಡುಗಿ ಕನ್ನಡ ಮೇಷ್ಟರಾದ ನನ್ನ ಎರಡು ಒತ್ತಕ್ಷರಗಳ ತಪ್ಪನ್ನು ಕೇಳದೆಯೇ ತಿದ್ದಿಕೊಟ್ಟಳು, ನಾನು ದುಡ್ಡು ಕೊಟ್ಟು ಕೊಡೆ ಬಿಡಿಸಿ ಹೊರಟುಬಂದೆ. ಅವಳ ಹೆಸರು ಕೇಳಿಲ್ಲ. ಅಂಗಡಿ ಏಳು ಗಂಟೆಗೆ ಮುಚ್ಚುತ್ತದೆ, ಇಲ್ಲಿಂದ ಐದೂವರೆಯ ಬಸ್ಸು ಸಿಕ್ಕಿದರೆ ತಲುಪಬಹುದು.

ನಮಸ್ಕಾರ.